ಇಂಟರ್‌ವಲ್ ಮಾತು: ಮಳೆ ಹೊರಗಿರಲಿ, ಹಾಡು ಒಳಗಿರಲಿ!

ದೇವರು ಕೊಟ್ಟಿರೋದು ಎರಡೇ ಕಿವಿ. ಆದರೆ ಈಗಿನ ಹುಡುಗರ ಮನೆಗೆ ಹೋಗಿ ನೋಡಿ, ಗೋಡೆಯ ಮೊಳೆಗೆ ಮೂರು ಮೂರು ಹೆಡ್‌ಫೋನು ನೇತಾಡ್ತಿರುತ್ತವೆ! ಒಂದು ಮೊಬೈಲಿನ ಜೊತೆ ಬಂದದ್ದು, ಒಂದು ಕತ್ತಿಗೆ ಹಾರ ಹಾಕಿದ ಹಾಗೆ ಹಾಕಿಕೊಳ್ಳೋದು, ಒಂದು ಗೆಳೆಯನ ಹತ್ತಿರ ಅರ್ಧ ಬೆಲೆಗೆ ಹೊಡೆದುಕೊಂಡದ್ದು. ಇಷ್ಟಿದ್ದೂ ನಾಲ್ಕನೆಯದು ಬೇಕಂತೆ. "ಸಾರ್, ನನ್ನ ಹತ್ತಿರ ಮೂರಿದೆ. ಈಗ ಕ್ಲೋಸ್ಡ್ ಬ್ಯಾಕ್ ಒಂದು ತಗೋಬೇಕು ಅಂತಿದ್ದೀನಿ. ಯಾವುದು ತಗೊಳ್ಳಲಿ?" ಅಂತ ತೀರ್ಥಹಳ್ಳಿ ಕಡೆಯ ಓದುಗ ಮಿತ್ರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ, ಮನೇಲಿ ಬೈತಾರೆ ಅಂತ ಕೆಳಗೆ ಒಂದು ಸಾಲು ಬೇರೆ!

ಸಿನಿಮಾ ಪತ್ರಿಕೆಯಲ್ಲಿ ಹೆಡ್‌ಫೋನಿನ ಪುರಾಣ ಯಾಕೆ ಸ್ವಾಮಿ ಅಂತ ಹುಬ್ಬು ಹಾರಿಸಬೇಡಿ. ಸಿನಿಮಾ ಅರ್ಧ ಕಣ್ಣಿನದಾದರೆ ಇನ್ನರ್ಧ ಕಿವಿಯದು. ಹೀರೋನ ಮುಖ ಪೋಸ್ಟರಿನಲ್ಲಿ ನೋಡಬಹುದು, ಹಾಡನ್ನು ಪೋಸ್ಟರಿನಲ್ಲಿ ಕೇಳೋಕಾಗುತ್ತಾ? ಟಾಕೀಸಿನಲ್ಲಿ ಚಿತ್ರ ಎರಡು ವಾರ ಓಡಿ ಎತ್ತಿಬಿಡುತ್ತಾರೆ. ಹಾಡು ಮಾತ್ರ ನಲವತ್ತು ವರ್ಷ ನಮ್ಮ ಕಿವಿಯಲ್ಲೇ ಓಡುತ್ತಿರುತ್ತದೆ. ಆದ್ದರಿಂದ ಈ ವಾರ ತಾರೆಯರ ಸುದ್ದಿಗೆ ಸ್ವಲ್ಪ ರಜೆ. ಕಿವಿಯ ಸುದ್ದಿ ಮಾತಾಡೋಣ.

ಮೊದಲು ನಾನು ಎಲ್ಲಿ ಕೂತು ಬರೀತಿದ್ದೀನಿ ಅಂತ ಹೇಳಬೇಕು. ಯಾಕೆಂದರೆ ಈ ಪ್ರಶ್ನೆಗೆ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ನಾನಿರೋದು ಮಾಸ್ತಿಕಟ್ಟೆ. ಹೊಸನಗರ ತಾಲ್ಲೂಕು. ತೀರ್ಥಹಳ್ಳಿ ಕಡೆಯಿಂದ ಯಡೂರಿನ ಮೇಲೆ ಬಂದು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗೋ ಬಸ್ಸಿನಲ್ಲಿ ಕೂತರೆ, ಘಾಟಿಗೆ ಮುಂಚೆ ಸಿಗೋ ಊರು. ವಾರಾಹಿ ವಿದ್ಯುತ್ ಯೋಜನೆ ಅಂದರೆ ನಿಮಗೆ ಗೊತ್ತಾಗುತ್ತದೆ. ಮಾಣಿಯಲ್ಲಿ ಅಣೆಕಟ್ಟು, ಘಾಟಿಯ ಕೆಳಗೆ ಹೊಸಂಗಡಿಯಲ್ಲಿ ಭೂಗರ್ಭ ವಿದ್ಯುದಾಗಾರ. 115 ಮೆಗಾವ್ಯಾಟಿನ ನಾಲ್ಕು ಯಂತ್ರ, ಒಟ್ಟು 460 ಮೆಗಾವ್ಯಾಟ್. ನಾಡಿಗೆಲ್ಲ ಬೆಳಕು ಕೊಡೋ ನೀರು ನಮ್ಮ ತಲೆಯ ಮೇಲೆ ಬೀಳುತ್ತದೆ. ಗಾಳಿಗೆ ಮರ ಬಿದ್ದರೆ ನಮ್ಮನೆಯಲ್ಲೇ ಕರೆಂಟಿರೋದಿಲ್ಲ ಅನ್ನೋದು ಬೇರೆ ಮಾತು. ದೀಪದ ಬುಡದಲ್ಲಿ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ!

ಇನ್ನು ಮಳೆ. ಆಗುಂಬೆಯ ಹೆಸರು ದೊಡ್ಡದು. ಆದರೆ ಹುಲಿಕಲ್, ಮಾಸ್ತಿಕಟ್ಟೆ, ಮಾಣಿ, ಯಡೂರು, ಈ ನಾಲ್ಕೂ ಆಗುಂಬೆಯ ಜೊತೆ ಭುಜ ಕೊಟ್ಟು ನಿಲ್ಲೋ ಊರುಗಳು. ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಇಲ್ಲಿ ಸುದ್ದಿಯೇ ಅಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡೋದಿಲ್ಲ. ಅದೂ ತಗಡಿನ ಮಾಡಿನ ಮೇಲೆ ಬೀಳೋ ಮಳೆ! ಪಕ್ಕದಲ್ಲಿ ಕೂತವರ ಮಾತು ಕೇಳೋದಿಲ್ಲ ಮಾರಾಯ್ರೆ. ಟಿವಿಯಲ್ಲಿ ವಜ್ರಮುನಿ ಗರ್ಜಿಸಿದರೂ ಬಾಯಿ ಆಡಿಸಿದ ಹಾಗೆ ಕಾಣುತ್ತದೆ ಅಷ್ಟೇ.

ಇಂಥ ಊರಲ್ಲಿ ಹಾಡು ಕೇಳೋದು ಹೇಗೆ? ಅಲ್ಲಿಂದಲೇ ಶುರು.

*

ಹೆಡ್‌ಫೋನಿನಲ್ಲಿ ಎರಡು ಜಾತಿ. ಒಂದರ ಬೆನ್ನು ತೆರೆದಿರುತ್ತದೆ. ಹೊರಮೈಯಲ್ಲಿ ಜಾಲರಿ, ತೂತು. ಇದು ಓಪನ್ ಬ್ಯಾಕ್. ಇನ್ನೊಂದರ ಬೆನ್ನು ಗಟ್ಟಿಯಾಗಿ ಮುಚ್ಚಿರುತ್ತದೆ. ಅದೇ ಕ್ಲೋಸ್ಡ್ ಬ್ಯಾಕ್. ಒಳಗೆ ಇಬ್ಬರಲ್ಲೂ ಇರೋದು ಒಂದೇ, ನಡುಗೋ ಒಂದು ತೆಳು ಪೊರೆ. ಆ ಪೊರೆ ಮುಂದಕ್ಕೆ ನಡುಗಿದಾಗ ಕಿವಿಗೆ ಎಷ್ಟು ಶಬ್ದ ಕೊಡುತ್ತದೋ ಹಿಂದಕ್ಕೂ ಅಷ್ಟೇ ಕೊಡುತ್ತದೆ. ತೆರೆದ ಬೆನ್ನಿನಲ್ಲಿ ಹಿಂದಿನ ಶಬ್ದ ಹೊರಗೆ ಹಾರಿಹೋಗುತ್ತದೆ. ಮುಚ್ಚಿದ ಬೆನ್ನಿನಲ್ಲಿ ಅದು ಡಬ್ಬಿಯೊಳಗೇ ಸಿಕ್ಕಿಬೀಳುತ್ತದೆ. ಕಥೆ ಇಷ್ಟೇ. ಮಿಕ್ಕ ಗುಣಾವಗುಣವೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಶಬ್ದ ಹಾರಿಹೋಗೋದಕ್ಕೆ ದಾರಿ ಇದ್ದರೆ ಹಾಡು ಬಯಲಿನಲ್ಲಿ ಕೇಳಿದ ಹಾಗೆ ಹಗುರವಾಗಿ, ಅಗಲವಾಗಿ ಇರುತ್ತದೆ. ಪಿಟೀಲು ಎಲ್ಲೋ ಎಡಕ್ಕೆ, ತಬಲ ಎಲ್ಲೋ ಬಲಕ್ಕೆ. ಆದರೆ ಒಳಗಿನದು ಹೊರಗೆ ಹೋಗೋ ದಾರಿಯಲ್ಲೇ ಹೊರಗಿನದು ಒಳಗೆ ಬರುತ್ತದೆ. ಬಾಗಿಲು ತೆರೆದಿಟ್ಟ ಮನೆಗೆ ನೆಂಟನೂ ಬರ್ತಾನೆ, ನಾಯಿಯೂ ಬರುತ್ತದೆ! ಮುಚ್ಚಿದ ಬೆನ್ನಿನದು ಬಾಗಿಲು ಹಾಕಿದ ಕೋಣೆ. ಹೊರಗಿನ ಗಲಾಟೆ ಕಡಿಮೆ, ಒಳಗಿನ ಹಾಡು ಪಕ್ಕದವರಿಗೆ ಕೇಳಿಸೋದಿಲ್ಲ. ಆದರೆ ಕೋಣೆ ಚಿಕ್ಕದಾದರೆ ಗುಂಯ್‌ಗುಟ್ಟುತ್ತದೆ. ಅಗ್ಗದ ಕ್ಲೋಸ್ಡ್ ಬ್ಯಾಕಿನಲ್ಲಿ ಹಾಡು ಕೊಡಪಾನದೊಳಗಿಂದ ಬಂದ ಹಾಗೆ ಕೇಳೋದು ಇದಕ್ಕೇ.

ಚರಿತ್ರೆಯಲ್ಲಿ ಮೊದಲು ಬಂದದ್ದು ಮುಚ್ಚಿದ್ದೇ. 1910ರಲ್ಲಿ ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ ಎಂಬಾತ ತಾನೇ ಮಾಡಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಕೊಟ್ಟ. ಹಾಡಿಗಲ್ಲ, ನಿಸ್ತಂತು ಸಂದೇಶಕ್ಕೆ! ಹಾಡನ್ನು ಸ್ಟೀರಿಯೋದಲ್ಲಿ ಕಿವಿಗೆ ತಂದದ್ದು 1958ರಲ್ಲಿ ಜಾನ್ ಕಾಸ್. ಆಮೇಲೆ 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಅಂತ ಹಳದಿ ಸ್ಪಂಜಿನ ಹೆಡ್‌ಫೋನು ತಂದಿತು. ಬೆನ್ನು ತೆರೆದ ಮೊದಲನೆಯದು ಅದೇ. 1979ರಲ್ಲಿ ಸೋನಿಯವರ ವಾಕ್‌ಮನ್ ಬಂದ ಮೇಲೆ ಹೆಡ್‌ಫೋನು ಡ್ರಾಯಿಂಗ್ ರೂಮು ಬಿಟ್ಟು ಬೀದಿಗಿಳಿಯಿತು. ಮುಂದಿನದು ನಿಮ್ಮ ಜೇಬಿನಲ್ಲೇ ಇದೆ.

*

ನಮ್ಮ ಚಿತ್ರರಂಗಕ್ಕೂ ಕ್ಲೋಸ್ಡ್ ಬ್ಯಾಕಿಗೂ ಇರೋ ಸಂಬಂಧ ಹೇಳದಿದ್ದರೆ ಈ ಪುಟಕ್ಕೇ ಅವಮಾನ.

ಕನ್ನಡದ ಹಾಡುಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣ ಆಗ್ತಿದ್ದ ಕಾಲದಲ್ಲಿ ಗಾಯಕರು, ವಾದ್ಯದವರು ಎಲ್ಲ ಒಟ್ಟಿಗೆ ನಿಂತು ಒಂದೇ ಟೇಕಿನಲ್ಲಿ ಮುಗಿಸಬೇಕಿತ್ತು. ಪಿಟೀಲಿನವರೊಬ್ಬರು ಕೆಮ್ಮಿದರೆ ಪಲ್ಲವಿಯಿಂದ ಮತ್ತೆ ಶುರು! ಆಮೇಲೆ ಟ್ರ್ಯಾಕ್ ಪದ್ಧತಿ ಬಂತು. ವಾದ್ಯ ಮೊದಲು, ಹಾಡು ನಂತರ. ಗಾಯಕ ಒಬ್ಬರೇ ಮೈಕಿನ ಮುಂದೆ ನಿಂತು, ಕಿವಿಯಲ್ಲಿ ವಾದ್ಯವೃಂದ ಕೇಳುತ್ತ ಹಾಡಬೇಕು. ಆಗ ಕಿವಿಯ ಮೇಲೆ ಇರಬೇಕಾದ್ದು ಕ್ಲೋಸ್ಡ್ ಬ್ಯಾಕೇ. ತೆರೆದ ಬೆನ್ನಿನದು ಹಾಕಿದರೆ ಕಿವಿಯ ಸಂಗೀತ ಸೋರಿ ಮೈಕಿಗೆ ಬೀಳುತ್ತದೆ. ಮೆತ್ತಗೆ ಹಾಡಿದ ಸಾಲಿನ ಹಿಂದೆ ಇಲಿ ಕಿಚಗುಟ್ಟಿದ ಹಾಗೆ ತಾಳ ಕೇಳಿಸುತ್ತದೆ. ಡಬ್ಬಿಂಗ್ ಕಲಾವಿದರಿಗೂ ಇದೇ ನಿಯಮ.

ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ನೆನಪಿದೆಯಲ್ಲ? ಕನ್ನಡದ ಧ್ವನಿ ಕನ್ನಡದ ನೆಲದಲ್ಲೇ ಮುದ್ರಣವಾಗಲಿ ಅಂತ. 2016ರಲ್ಲಿ ಬಿಡುಗಡೆಯಾದ 'ತಿಥಿ'ಯಲ್ಲಿ ಮಂಡ್ಯದ ಹಳ್ಳಿಯ ಜನ ಆಡಿದ ಮಾತನ್ನು ಅಲ್ಲಲ್ಲೇ ಹಿಡಿದರು, ಡಬ್ಬಿಂಗ್ ಇಲ್ಲ. ಅಂಥ ಕಡೆ ಸೌಂಡ್ ರೆಕಾರ್ಡಿಸ್ಟ್ ಸುತ್ತಲಿನ ಗದ್ದಲವನ್ನು ಹೊರಗಿಟ್ಟು ಮೈಕು ಏನು ಹಿಡೀತಿದೆ ಅನ್ನೋದನ್ನು ಮಾತ್ರ ಕೇಳಬೇಕು. ಹಾಗಾಗಿ ಕ್ಲೋಸ್ಡ್ ಬ್ಯಾಕ್ ಅಂದರೆ ಕೆಲಸಗಾರರ ಹೆಡ್‌ಫೋನು ಗುರುವೇ. ಶೋಕಿಗೆ ಹುಟ್ಟಿದ್ದಲ್ಲ, ಕೂಲಿಗೆ ಹುಟ್ಟಿದ್ದು.

*

ಈಗ ಪತ್ರದ ಪ್ರಶ್ನೆಗೆ ಬರೋಣ. ಇರುವ ಮೂರಕ್ಕೆ ಜೊತೆಯಾಗೋ ನಾಲ್ಕನೆಯದನ್ನು ಆರಿಸೋದು ಹೇಗೆ?

ಇದು ಪಾತ್ರಹಂಚಿಕೆಯ ಪ್ರಶ್ನೆ. 1974ರ 'ಸಂಪತ್ತಿಗೆ ಸವಾಲ್' ತಗೊಳ್ಳಿ. ರಾಜ್‌ಕುಮಾರ್ ಇದ್ದಾರೆ. ಎದುರಿಗೆ ಯಾರನ್ನು ಹಾಕಿದರು? ಇನ್ನೊಬ್ಬ ಸೌಮ್ಯ ನಾಯಕನನ್ನಲ್ಲ, ವಜ್ರಮುನಿಯವರನ್ನು! ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇದ್ದರೇ ಚಿತ್ರ ನಿಲ್ಲೋದು. ಹೆಡ್‌ಫೋನಿನಲ್ಲೂ ಹಾಗೇ. ಇರುವುದರಲ್ಲಿ ಯಾವುದು ಚೆನ್ನಾಗಿದೆಯೋ ಅದರ ತಮ್ಮನನ್ನು ಹುಡುಕಿ ತರೋದು ದುಡ್ಡು ನೀರಿಗೆ ಹಾಕಿದ ಹಾಗೆ. ನನ್ನ ಗೆಳೆಯರೊಬ್ಬರು ಸಾಗರದಲ್ಲಿದ್ದಾರೆ. ಅವರ ಹತ್ತಿರ ನಾಲ್ಕು ಹೆಡ್‌ಫೋನಿವೆ, ನಾಲ್ಕೂ ಡಬಡಬ ಬಾಸಿನವು. ನಾಲ್ಕು ವಿಲನ್ನು, ಹೀರೋ ಇಲ್ಲ!

ಒಂದು ಕಾಗದ ತಗೊಂಡು ಎರಡು ಗೆರೆ ಎಳೀರಿ. ಎಡಗಡೆ ನಿಮ್ಮಲ್ಲಿ ಈಗಿರೋದು, ಬಲಗಡೆ ಅದು ಕೈಕೊಡೋ ಜಾಗ. ನನ್ನ ಕಾಗದ ಹೀಗಿದೆ.

ಒಂದು: ಫಿಲಿಪ್ಸ್ ಎಸ್‌ಎಚ್‌ಪಿ 9500, ಓಪನ್ ಬ್ಯಾಕು, ಸೆಕೆಂಡ್ ಹ್ಯಾಂಡು. ಚಳಿಗಾಲದ ರಾತ್ರಿ ಇದರಲ್ಲಿ 'ಪಲ್ಲವಿ ಅನುಪಲ್ಲವಿ' ಕೇಳಬೇಕು, ಮನೆಯ ಗೋಡೆಯೇ ಕರಗಿದ ಹಾಗೆ. ಕೈಕೊಡೋದು ಎಲ್ಲಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ. ಮಳೆಯೇ ಹಾಡು, ಹಾಡು ಹಿನ್ನೆಲೆ.

ಎರಡು: ಕತ್ತಿಗೆ ಹಾಕೋ ಬ್ಲೂಟೂತು. ಶಿವಮೊಗ್ಗದ ಬಸ್ಸಿಗೆ, ಫೋನಿನಲ್ಲಿ ಮಾತಿಗೆ ಸರಿ. ಕೈಕೊಡೋದು ಎರಡು ದಿನ ಕರೆಂಟಿಲ್ಲದಾಗ. ಚಾರ್ಜ್ ಎಲ್ಲಿಂದ ತರೋದು?

ಮೂರು: ಮೊಬೈಲಿನ ಜೊತೆ ಬಂದ ಇಯರ್‌ಫೋನು. ತುರ್ತಿಗೆ. ಒಂದು ಗಂಟೆ ಹಾಕಿದರೆ ಕಿವಿ ನೋವು.

ಬಲಗಡೆಯನ್ನು ಮಾತ್ರ ಕೂಡಿಸಿ ಓದಿದರೆ ಉತ್ತರ ತಾನಾಗಿ ಬರುತ್ತದೆ. ನನಗೆ ಬೇಕಾದ್ದು ಮಳೆಯನ್ನು ತಡೆಯಬೇಕು, ಬ್ಯಾಟರಿ ಇಲ್ಲದೆ ನಡೀಬೇಕು, ಎರಡು ಮೂರು ಗಂಟೆ ತಲೆಯ ಮೇಲೆ ಕೂರಬೇಕು. ಅಂದರೆ ವಯರಿರೋ ಕ್ಲೋಸ್ಡ್ ಬ್ಯಾಕು. ಇನ್ನೂ ಒಂದು ಕಾರಣ ಉಂಟು. ಸಂದರ್ಶನ ಮಾಡಿ ತಂದ ಧ್ವನಿಯನ್ನು ಕೇಳಿ ಕೇಳಿ ಬರೆಯೋದು ನನ್ನ ಹೊಟ್ಟೆಪಾಡು. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಈ ಎರಡು ಕಿವಿ, ಒಂದು ಪೆನ್ನು ಬಿಟ್ಟರೆ ಬೇರೆ ಬಂಡವಾಳವಿಲ್ಲ. ನಟರೊಬ್ಬರು 'ಒಪ್ಪಿದೆ' ಅಂದದ್ದು ಮಳೆಯಲ್ಲಿ 'ತಪ್ಪಿದೆ' ಅಂತ ಕೇಳಿಸಿದರೆ ಮರುವಾರ ನನ್ನ ಅಂಕಣವೇ ತಪ್ಪಿಹೋಗುತ್ತದೆ!

ನಿಮ್ಮ ಕಾಗದ ಬೇರೆ ಇರುತ್ತದೆ. ಮಳೆ ಬೀಳದ ಊರು, ಒಬ್ಬರೇ ಇರೋ ಕೋಣೆ ಅಂದರೆ ಕ್ಲೋಸ್ಡ್ ಬ್ಯಾಕು ಬೇಕೇ ಇಲ್ಲದಿರಬಹುದು. ಕಾಗದ ಹಾಗೆ ಹೇಳಿದರೆ ದುಡ್ಡು ಉಳಿಸಿ ಎರಡು ಒಳ್ಳೆ ಪಿಕ್ಚರ್ ನೋಡಿ.

*

ಈಗ ಅಂಗಡಿಯಲ್ಲಿ ಏನು ನೋಡಬೇಕು? ಐದೇ ಪರೀಕ್ಷೆ.

ಮೊದಲನೆಯದು, ಹಿಡಿತ. ಕ್ಲೋಸ್ಡ್ ಬ್ಯಾಕಿನ ಜೀವ ಅದರ ಮೆತ್ತೆಯಲ್ಲಿದೆ. ಮೆತ್ತೆ ಕಿವಿಯ ಸುತ್ತ ಸಂದಿಲ್ಲದೆ ಕೂತರೆ ಬಾಸು ನಿಲ್ಲುತ್ತದೆ. ಸಂದಿ ಬಿಟ್ಟರೆ ಬಾಸೂ ಸೋರುತ್ತದೆ, ಮಳೆಯೂ ನುಗ್ಗುತ್ತದೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಪರೀಕ್ಷೆ ಮಾಡಬೇಕು. ಹಾಡು ಹಚ್ಚಿ, ಎರಡೂ ಕೈಯಲ್ಲಿ ಡಬ್ಬಿಯನ್ನು ಮೆಲ್ಲಗೆ ಒತ್ತಿ. ಒತ್ತಿದಾಗ ಬಾಸು ಧುತ್ತಂತ ಜಾಸ್ತಿ ಆದರೆ ಸಂದಿ ಇದೆ ಅಂತ ಅರ್ಥ. ಆ ಹೆಡ್‌ಫೋನು ಎಷ್ಟೇ ದೊಡ್ಡ ಹೆಸರಿನದಾಗಲಿ, ನಿಮ್ಮ ತಲೆಗಲ್ಲ.

ಎರಡನೆಯದು, ಸೋರಿಕೆ. ಡಬ್ಬಿ ಎರಡನ್ನೂ ಒಂದಕ್ಕೊಂದು ಮುಖ ಮಾಡಿ ಮುಚ್ಚಿ ಹಿಡಿದು ತೋಳಿನಷ್ಟು ದೂರದಿಂದ ಕೇಳಿ. ಹಾಡಿನ ಸಾಹಿತ್ಯ ಗೊತ್ತಾದರೆ ರಾತ್ರಿ ಪಕ್ಕದಲ್ಲಿ ಮಲಗಿದವರು ಬೈತಾರೆ.

ಮೂರನೆಯದು, ಬಾಸಿನ ನಡತೆ. 1981ರ 'ಗೀತಾ' ಹಾಡುಗಳನ್ನು ಹಚ್ಚಿ. ಇಳಯರಾಜಾ ಅವರ ಬಾಸ್ ಗಿಟಾರು ಸುಮ್ಮನೆ ಗುದ್ದೋದಿಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡು ಹಾಡುತ್ತದೆ. ಒಂದೊಂದು ಸ್ವರವೂ ಬೇರೆ ಬೇರೆ ಕೇಳಬೇಕು. ಎಲ್ಲ ಒಂದೇ ಗುಂಯ್ ಅಂದರೆ ಡಬ್ಬಿ ಗುಂಯ್‌ಗುಟ್ಟುತ್ತಿದೆ, ಇಳಯರಾಜಾ ಅಲ್ಲ.

ನಾಲ್ಕನೆಯದು, ಕಂಠ. 1977ರ 'ಸನಾದಿ ಅಪ್ಪಣ್ಣ' ಹಚ್ಚಿ. ಜಿ.ಕೆ. ವೆಂಕಟೇಶ್ ಸಂಗೀತ, ರಾಜ್‌ಕುಮಾರ್ ಅವರ ಪಾತ್ರಕ್ಕೆ ಶಹನಾಯಿ ನುಡಿಸಿದವರು ಸಾಕ್ಷಾತ್ ಬಿಸ್ಮಿಲ್ಲಾ ಖಾನ್. ಶಹನಾಯಿ ಕಿವಿಗೆ ಚುಚ್ಚಿದರೂ ತಪ್ಪು, ಮೂಗು ಕಟ್ಟಿದ ಹಾಗಿದ್ದರೂ ತಪ್ಪು. ಎದುರಿಗೆ ಕೂತು ಊದಿದ ಹಾಗಿರಬೇಕು. ಇಲ್ಲೊಂದು ಗುಟ್ಟು ಹೇಳ್ತೀನಿ. ಆ ಕಾಲದ ನಮ್ಮ ಚಿತ್ರಗೀತೆಗಳಲ್ಲಿ ಬಹುಪಾಲು ಮೋನೋ. ಎಡಕಿವಿ ಬಲಕಿವಿ ಎರಡಕ್ಕೂ ಒಂದೇ ಶಬ್ದ. ಓಪನ್ ಬ್ಯಾಕಿನ ಆ ಅಗಲದ ವೈಭವ ಮೋನೋ ಹಾಡಿಗೆ ಅಷ್ಟೇನೂ ಸಿಗೋದಿಲ್ಲ. ಆದ್ದರಿಂದ ಹಳೇ ಹಾಡಿನ ಪ್ರಿಯರಿಗೆ ಕ್ಲೋಸ್ಡ್ ಬ್ಯಾಕಿನಲ್ಲಿ ನಷ್ಟ ಕಡಿಮೆ. ಹಂಸಲೇಖ ಅವರ 'ಪ್ರೇಮಲೋಕ' 1987ರದು, ಆಮೇಲಿನವು, ಅಲ್ಲಿ ಎಡಬಲದ ಆಟ ನೋಡಬೇಕು.

ಐದನೆಯದು, ಓಮ್. ಡಬ್ಬದ ಮೇಲೆ 32 ಓಮ್, 64 ಓಮ್, 250 ಓಮ್ ಅಂತ ಬರೆದಿರುತ್ತದೆ. ಇದು ವಿದ್ಯುತ್ತಿಗೆ ಒಡ್ಡೋ ತಡೆ. ಸಾಮಾನ್ಯವಾಗಿ ಓಮ್ ಜಾಸ್ತಿಯಾದರೆ ಮೊಬೈಲಿನ ಪುಟ್ಟ ಶಕ್ತಿಗೆ ಹಾಡು ಏಳೋದಿಲ್ಲ, ಪ್ರತ್ಯೇಕ ಆಂಪ್ಲಿಫೈಯರ್ ಬೇಕು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಅಂತ ಒಂದಿದೆ, ಅದೇ ಹೆಸರಿನಲ್ಲಿ 32, 80, 250 ಓಮಿನವು ಮೂರು ಬಗೆ. ಹೆಸರು ನೋಡಿ ಕೊಂಡು 250ನ್ನು ಮನೆಗೆ ತಂದವರು ಮೊಬೈಲಿಗೆ ಹಚ್ಚಿ, 'ಹಾಳಾಗಿದೆ' ಅಂತ ವಾಪಸು ಕಳಿಸಿದ ಕಥೆಯೂ ಉಂಟು. ಹೆಸರಿಗಿಂತ ಅಂಕಿ ಓದಿ.

"ನಾಯ್ಸ್ ಕ್ಯಾನ್ಸಲಿಂಗ್ ತಗೊಂಡರೆ ಎಲ್ಲ ಸರಿಹೋಗುತ್ತಲ್ಲ?" ಅಂತೀರಾ? ಅದರ ಕೈಚಳಕ ಇರೋದು ಒಂದೇ ಸಮನೆ ಗುಡುಗುಡು ಅನ್ನೋ ಕೆಳದನಿಯ ಮೇಲೆ. ಬಸ್ಸಿನ ಇಂಜಿನ್, ಫ್ಯಾನು, ವಿಮಾನ. ತಗಡಿನ ಮೇಲಿನ ಮಳೆಯಲ್ಲಿ ಕೆಳದನಿಗಿಂತ ಚಟಚಟ ಅನ್ನೋ ಮೇಲ್ದನಿಯೇ ಹೆಚ್ಚು. ಅದನ್ನು ತಡೆಯೋದು ಬ್ಯಾಟರಿಯ ವಿದ್ಯೆಗಿಂತ ಗಟ್ಟಿ ಡಬ್ಬಿ, ದಪ್ಪ ಮೆತ್ತೆ. ಮುಚ್ಚಿದ ಬೆನ್ನಿಗೆ ಮೇಲ್ದನಿ ತಡೆಯೋದು ಸುಲಭ, ಕೆಳದನಿ ತಡೆಯೋದು ಕಷ್ಟ. ದಿನವೂ ಬಸ್ಸಿನಲ್ಲಿ ಓಡಾಡುವವರು ಅದನ್ನು ತಗೊಳ್ಳಿ. ಮಳೆಯ ಕೆಳಗೆ ಕೂರುವವರು ಇದನ್ನು ತಗೊಳ್ಳಿ.

*

ಮಲೆನಾಡಿನವರಿಗೆ ಮಾತ್ರ ಆರನೆಯ ಪರೀಕ್ಷೆ ಒಂದಿದೆ. ಬೂಷ್ಟು!

ಜುಲೈಯಲ್ಲಿ ನಮ್ಮಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪೆಟ್ಟಿಗೆಯಲ್ಲಿಟ್ಟ ಮದುವೆ ಆಲ್ಬಮ್ಮಿಗೂ ಬೂಷ್ಟು. ಹೆಡ್‌ಫೋನಿನ ಮೆತ್ತೆಯ ಮೇಲಿರೋ ಕರೀ ಹೊದಿಕೆ ನಿಜವಾದ ತೊಗಲಲ್ಲ, ಬಹುತೇಕ ಪಾಲಿಯುರೆಥೇನ್. ಗಾಳಿಯ ತೇವ ಅದನ್ನು ಒಳಗಿಂದ ಮುರೀತಾ ಹೋಗುತ್ತದೆ. ಒಂದು ದಿನ ಹೆಡ್‌ಫೋನು ತೆಗೆದು ಕನ್ನಡಿ ನೋಡಿದರೆ ಕಿವಿಯ ಸುತ್ತ ಕಪ್ಪು ಹೊಟ್ಟು ಅಂಟಿರುತ್ತದೆ. ವೆಲ್ವೆಟ್ಟಿನಂಥ ಬಟ್ಟೆಯ ಮೆತ್ತೆ ಹೊಟ್ಟು ಉದುರಿಸೋದಿಲ್ಲ, ಕಿವಿಗೆ ಸೆಖೆಯೂ ಕಡಿಮೆ. ಆದರೆ ಬೆವರು, ತೇವ ಎರಡನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ನಮ್ಮ ಕಡೆಯವರು ಕೇಳಬೇಕಾದ ಪ್ರಶ್ನೆ 'ಮೆತ್ತೆ ಯಾವುದು' ಅಂತಲ್ಲ, 'ಮೆತ್ತೆ ಬಿಚ್ಚಿ ಬೇರೆ ಹಾಕೋಕೆ ಬರುತ್ತಾ, ಬೇರೆ ಮೆತ್ತೆ ಸಿಗುತ್ತಾ' ಅಂತ. ಬದಲಿಸಲಾಗದ ಮೆತ್ತೆ ಅಂದರೆ ಎರಡು ಮಳೆಗಾಲದ ಆಯುಷ್ಯ.

ಮೊಳೆಗೆ ನೇತುಹಾಕಬೇಡಿ. ಮುಚ್ಚಳ ಬಿಗಿ ಇರೋ ಡಬ್ಬದಲ್ಲಿ ಹಾಕಿ, ಔಷಧಿ ಬಾಟಲಿ, ಶೂ ಡಬ್ಬದಲ್ಲಿ ಸಿಗೋ ಸಿಲಿಕಾ ಜೆಲ್ಲಿನ ಪೊಟ್ಟಣ ನಾಲ್ಕಾರು ಸೇರಿಸಿ ಇಡಿ. ಹಾಕುವ ಮುಂಚೆ, ತೆಗೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಷ್ಟು ಬರೋದಿಲ್ಲ ನಿಜ, ಪ್ಲಾಸ್ಟಿಕ್ಕೂ ಉಳಿಯೋದಿಲ್ಲ! ಇನ್ನು ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜಿಗೆ ಹಾಕಿದ ಮೊಬೈಲಿಗೆ ವಯರು ಹೆಡ್‌ಫೋನು ಹಚ್ಚಿ ಕೂರಬೇಡಿ. ಹಾಡು ಆಮೇಲೂ ಕೇಳಬಹುದು.

*

ಇಷ್ಟೆಲ್ಲ ತಲೆಹರಟೆ ಯಾಕೆ ಮಾಡಿದೆ ಅಂದರೆ, ಇದು ಹಾಡಿನ ಪ್ರಶ್ನೆ ಮಾತ್ರ ಅಲ್ಲ.

ನನ್ನ ತಂದೆ ಹತ್ತೊಂಬತ್ತು ವರ್ಷ ಒಂದು ಸಾಮಿಲ್ಲಿನಲ್ಲಿ ಮರ ಕೊಯ್ದವರು. ಗರಗಸದ ಚಕ್ರದ ಪಕ್ಕ ಬೆಳಗಿಂದ ಸಂಜೆವರೆಗೆ. ಕಿವಿಗೆ ಹತ್ತಿಯೂ ಇಲ್ಲ, ಕೊಡುವವರೂ ಇರಲಿಲ್ಲ. ಈಗ ನಾವು ಮಾತಾಡಿದರೆ ಅವರಿಗೆ ಧ್ವನಿ ಕೇಳುತ್ತದೆ, ಮಾತು ಒಡೆಯೋದಿಲ್ಲ. 'ಸ', 'ಶ', 'ತ' ಇಂಥ ಅಕ್ಷರಗಳೇ ಬಿದ್ದುಹೋಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರಕೊಂಡು ಹೋಗಿದ್ದೆ. ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ ಒಂದೊಂದೇ ಶ್ರುತಿ ಕೊಟ್ಟು ನೋಡಿದರು. ಕಾಗದದ ಮೇಲೆ ಗೆರೆ ಎಡದಿಂದ ಬಲಕ್ಕೆ ಹೋಗ್ತಾ ಹೋಗ್ತಾ ಹುಲಿಕಲ್ ಘಾಟಿಯ ಹಾಗೆ ಇಳಿದುಬಿಟ್ಟಿತು. ಇಳಿದದ್ದು ಮೇಲ್ದನಿ. ಗದ್ದಲದಿಂದ ಹೋದ ಕಿವಿ ಮತ್ತೆ ಬರೋದಿಲ್ಲ ಅಂದರು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲವಂತೆ. ಕಿವಿಯ ಯಂತ್ರ ಇದ್ದುದನ್ನು ಎತ್ತಿಕೊಡುತ್ತದೆ, ಇಲ್ಲದ್ದನ್ನು ತರೋದಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಅವರ ಕಿವಿಗೆ ಹೊಸ ಕ್ಲೋಸ್ಡ್ ಬ್ಯಾಕು ಹಾಕಿ 'ಸನಾದಿ ಅಪ್ಪಣ್ಣ' ಹಚ್ಚಿದೆ. ತಗಡಿನ ಮೇಲೆ ಮಳೆ ಹೊಡೀತಿತ್ತು. ಅವರ ಮುಖದಲ್ಲಿ ಮಳೆ ಇರಲಿಲ್ಲ. ಶಹನಾಯಿ ಕೇಳಿತು. ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಇನ್ನೊಂದು ಹಳೇ ಹಾಡು ಬಂತು, ಕೊಳಲು, ಗೆಜ್ಜೆ, ಕಂಚಿನ ತಾಳ ಇರುವಂಥದ್ದು. ಹಾಡು ಮುಗಿದ ಮೇಲೆ ಕೇಳಿದರು, "ಇದರಲ್ಲಿ ಮೊದಲು ಗೆಜ್ಜೆ ಇತ್ತಲ್ಲ, ಈಗ ತೆಗೆದುಬಿಟ್ಟಿದ್ದಾರಾ?"

ಗೆಜ್ಜೆ ಹಾಡಿನಲ್ಲೇ ಇತ್ತು. ನಾನು, "ಹೌದಪ್ಪ, ಹಳೇ ಟೇಪು ಸವೆದಿರಬೇಕು" ಅಂದೆ.

*

ಅದಕ್ಕೇ ಹೇಳ್ತಿರೋದು. ಮಳೆಗಾಲದಲ್ಲಿ ಓಪನ್ ಬ್ಯಾಕು ಹಾಕಿದವನು ಏನು ಮಾಡ್ತಾನೆ? ಮಳೆಯನ್ನು ಮೀರಿಸೋಕೆ ವಾಲ್ಯೂಮ್ ಏರಿಸ್ತಾನೆ. ಮಳೆ ಜೋರಾದರೆ ಇನ್ನೂ ಏರಿಸ್ತಾನೆ. ಮಳೆ ನಿಂತ ಮೇಲೂ ವಾಲ್ಯೂಮ್ ಅಲ್ಲೇ ಇರುತ್ತದೆ, ಕಿವಿ ಅದಕ್ಕೇ ಒಗ್ಗಿಹೋಗಿರುತ್ತದೆ.

ಲೆಕ್ಕ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಮಾತಿನ ಪ್ರಕಾರ ದೊಡ್ಡವರ ಕಿವಿಗೆ 80 ಡೆಸಿಬೆಲ್ ಶಬ್ದ ವಾರಕ್ಕೆ 40 ಗಂಟೆ ಸಾಕು. ಶಬ್ದ 3 ಡೆಸಿಬೆಲ್ ಏರಿದರೆ ಗಂಟೆ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ. 86ಕ್ಕೆ 10. 89ಕ್ಕೆ 5. 92ಕ್ಕೆ ಎರಡೂವರೆ. 95ಕ್ಕೆ ವಾರಕ್ಕೆಲ್ಲ ಸೇರಿ ಒಂದೂಕಾಲು ಗಂಟೆ, ಅಂದರೆ ಅರ್ಧ ಸಿನಿಮಾ! ಹೊರಗಿನ ಗದ್ದಲವನ್ನು ಹತ್ತು ಹದಿನೈದು ಡೆಸಿಬೆಲ್ ಇಳಿಸೋ ಮೆತ್ತೆ ಇದ್ದರೆ ವಾಲ್ಯೂಮನ್ನೂ ಅಷ್ಟೇ ಕೆಳಗೆ ಇಡಬಹುದು. ಆಗ ಗಂಟೆಗಳು ಎಷ್ಟು ಪಟ್ಟು ವಾಪಸು ಬರುತ್ತವೆ ಅಂತ ನೀವೇ ಎಣಿಸಿ. ಕ್ಲೋಸ್ಡ್ ಬ್ಯಾಕು ಕಿವಿ ಉಳಿಸುತ್ತದೆ ಅನ್ನೋದು ಇದೇ ಲೆಕ್ಕದಲ್ಲಿ. ಅದನ್ನು ಹಾಕಿಕೊಂಡೂ ವಾಲ್ಯೂಮ್ ತುದಿಗಿಟ್ಟರೆ ಬಾಗಿಲು ಹಾಕಿಕೊಂಡು ಒಳಗೆ ಪಟಾಕಿ ಹೊಡೆದ ಹಾಗೆ.

ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಕುಂಯ್ ಅಂದರೆ ಅದು ಕಿವಿ ಬರೆದ ಪತ್ರ. ಓದಿ, ಉತ್ತರ ಕೊಡಿ. ಇನ್ನೊಂದು ಮಾತು, ಘಾಟಿ ರಸ್ತೆಯಲ್ಲಿ ನಡೆಯುವಾಗ, ಬೈಕಿನಲ್ಲಿ ಹೋಗುವಾಗ ಕ್ಲೋಸ್ಡ್ ಬ್ಯಾಕು ಬೇಡವೇ ಬೇಡ. ಹಿಂದೆ ಬರೋ ಲಾರಿಯ ಹಾರನ್ನಿಗೆ ಹಿನ್ನೆಲೆ ಸಂಗೀತ ಇರೋದಿಲ್ಲ.

*

"ಅದೆಲ್ಲ ಸರಿ, ಯಾವುದು ತಗೊಳ್ಳಲಿ ಅಂತ ಹೇಳಲೇ ಇಲ್ಲವಲ್ಲ?" ಅಂತ ಪತ್ರದ ಮಿತ್ರರು ಹಲ್ಲು ಕಡೀತಿರಬಹುದು. ಹೇಳ್ತೀನಿ.

ಬೆಂಗಳೂರಿನ ಡಬ್ಬಿಂಗ್ ಕೋಣೆಯೊಂದರಲ್ಲಿ ಕೆಲಸ ಮಾಡೋ ಗೆಳೆಯರ ದಯೆಯಿಂದ ನಾಲ್ಕನ್ನು ತಲೆಗೆ ಹಾಕಿ ನೋಡಿದೆ. ಸೋನಿ ಎಂಡಿಆರ್ 7506, 1991ರಿಂದ ಸ್ಟುಡಿಯೋಗಳಲ್ಲಿ ದುಡೀತಿರೋ ಹಳೇ ಎತ್ತು. ಮಾತು ಕನ್ನಡಿಯ ಹಾಗೆ ಕೇಳುತ್ತದೆ, ಮೇಲ್ದನಿ ಸ್ವಲ್ಪ ಚೂಪು. ಆಡಿಯೋ ಟೆಕ್ನಿಕಾ ಎಟಿಎಚ್ ಎಂ50ಎಕ್ಸ್, ಬಾಸು ಧಾರಾಳ, ವಯರು ಬಿಚ್ಚಿ ಬದಲಿಸಬಹುದು. ಹೊಸ ಹಾಡಿನ ಹುಡುಗರಿಗೆ ಇಷ್ಟವಾಗುತ್ತದೆ. ಡಿಟಿ 770 ಪ್ರೊ, ಬಟ್ಟೆಯ ಮೆತ್ತೆ, ಕೂತರೆ ತಲೆಗೆ ದಿಂಬು ಇಟ್ಟ ಹಾಗೆ. ಸೆನ್‌ಹೈಸರ್ ಎಚ್‌ಡಿ 280 ಪ್ರೊ, 64 ಓಮ್, ನೋಡೋಕೆ ಏನೂ ಚೆಂದವಿಲ್ಲ, ತಲೆಯನ್ನು ಪೈಲ್ವಾನನ ಹಾಗೆ ಹಿಡಿಯುತ್ತದೆ. ಆದರೆ ಹೊರಗಿನ ಶಬ್ದವನ್ನು 32 ಡೆಸಿಬೆಲ್‌ವರೆಗೆ ತಡೀತೀವಿ ಅಂತ ಕಂಪನಿಯೇ ಬರೆದುಕೊಂಡಿದೆ. ಅಷ್ಟು ತಡೆಯೋದು ಮೇಲ್ದನಿಯಲ್ಲೇ ಇರಬಹುದು. ನನ್ನ ಮಳೆಯೂ ಮೇಲ್ದನಿಯದೇ!

ಹಾಡಿನ ಸೊಗಸಿಗೆ ನಾಲ್ಕರಲ್ಲಿ ಅದು ಮೊದಲನೆಯದಲ್ಲ. ಸೊಗಸಿಗೆ ನನ್ನ ಹತ್ತಿರ ಫಿಲಿಪ್ಸ್ ಇದೆಯಲ್ಲ! ಅಕ್ಟೋಬರ್‌ನಿಂದ ಮೇವರೆಗೆ ಅದರ ಕಾಲ್‌ಶೀಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾಗಿದ್ದದ್ದು ಮಳೆಯ ಎದುರು ನಿಲ್ಲೋ ಗಟ್ಟಿ ಆಸಾಮಿ. ಕಾಗದದ ಬಲಗಡೆ ಬರೆದಿದ್ದ ಸಾಲಿಗೆ ಸರಿಹೊಂದಿದ್ದು 280. ಅದನ್ನೇ ತಂದೆ. ಜೊತೆಗೆ ಒಂದು ಜೊತೆ ಬದಲಿ ಮೆತ್ತೆ. ಮೊದಲೆರಡು ದಿನ ತಲೆ ಹಿಂಡಿತು. ರಾತ್ರಿಯೆಲ್ಲ ಎರಡು ದಪ್ಪ ಪುಸ್ತಕದ ಕಟ್ಟಿಗೆ ತೊಡಿಸಿಟ್ಟೆ, ಸ್ವಲ್ಪ ಸಡಿಲಾಯಿತು. ಜಾಸ್ತಿ ಸಡಿಲ ಮಾಡಬೇಡಿ, ಸಂದಿ ಬಿಟ್ಟರೆ ತಂದ ಉದ್ದೇಶವೇ ಹೋಯಿತು.

ಪತ್ರದ ಮಿತ್ರರೇ, ನಿಮ್ಮ ಮೂರರಲ್ಲಿ ಎರಡು ಬಾಸಿನವು ಅಂತ ಬರೆದಿದ್ದೀರಿ. ತೀರ್ಥಹಳ್ಳಿಯಲ್ಲೂ ಮಳೆಗೇನು ಬರಗಾಲವಿಲ್ಲ. ಆದ್ದರಿಂದ ನಿಮಗೆ ಎಂ50ಎಕ್ಸ್ ಬೇಡ, ಅದು ನಿಮ್ಮಲ್ಲಿರೋದರ ಅಣ್ಣ. ಮಾತು, ಕಂಠ ಸ್ಪಷ್ಟವಿರೋ 7506 ಅಥವಾ 280, ಎರಡರಲ್ಲಿ ನಿಮ್ಮ ತಲೆಗೆ ಸಂದಿಲ್ಲದೆ ಕೂರೋದು. ಬೆಲೆ ತಿಂಗಳಿಗೊಂದು ಥರ ಏರಿಳಿಯುತ್ತದೆ, ನಾಲ್ಕು ಕಡೆ ವಿಚಾರಿಸಿ. ನಕಲಿ ಮಾಲು ಬಹಳ ಇದೆ, ಬಿಲ್ಲು ಗ್ಯಾರಂಟಿ ಇಲ್ಲದೆ ಮುಟ್ಟಬೇಡಿ. ಕೊಂಡ ಮೇಲೆ ಮನೆಯ ಹಿರಿಯರ ಕಿವಿಗೂ ಒಮ್ಮೆ ಹಾಕಿ, ಅವರ ಕಾಲದ ಹಾಡು ಹಚ್ಚಿ. ಬೈಯೋದು ತಾನಾಗಿ ನಿಲ್ಲುತ್ತದೆ.

ಮುಂದಿನ ವಾರ ಮತ್ತೆ ತಾರೆಯರ ಸುದ್ದಿ. ಅಲ್ಲಿವರೆಗೆ ವಾಲ್ಯೂಮ್ ಎರಡು ಗೆರೆ ಕೆಳಗಿರಲಿ. ಬರ್ಲಾ?